ದೇರಣ್ಣನ ಹೂಂ, ಟಾಪ್ಲಿಸರ ಹಡಗು

ಹೂಂಗುಟ್ಟುವುದರಲ್ಲಿ ದೇರಣ್ಣನನ್ನು ಮೀರಿಸುವವರು ಅವನು ಹುಟ್ಟಿದ ಕಾಪುವಿನಲ್ಲೂ ಇರಲಿಲ್ಲ, ಈಗಿರುವ ಕೆನಡದ ಎರಿನ್ ಮಿಲ್ಸಿನಲ್ಲೂ ಇಲ್ಲ. ಚಿಕ್ಕಂದಿನಲ್ಲಿ ಅಜ್ಜಿ ಕತೆ ಹೇಳುವಾಗ ಮಕ್ಕಳಲ್ಲಿ ಒಬ್ಬರು ಹೂಂ, ಹೂಂ ಎನ್ನುತ್ತಿರಬೇಕಿತ್ತು. ಇಲ್ಲದಿದ್ದರೆ ರಾಜಕುಮಾರ ಕುದುರೆ ಹತ್ತಿದವನು ಹತ್ತಿಯೇ ಇರುತ್ತಿದ್ದ. ಆ ಕೆಲಸ ಸದಾ ದೇರಣ್ಣನ ಪಾಲಿಗೆ. ನಿದ್ದೆ ಹೋದ ಮೇಲೂ ಹೂಂ ಬರುತ್ತಿತ್ತಂತೆ. ಮುಂದೆ ಮುಂಬಯಿಯ ಹೋಟೆಲಿನಲ್ಲಿ ಧಣಿಯ ಗೋಳಿಗೆ, ಮಸ್ಕತ್ತಿನ ಕ್ಯಾಂಟೀನಿನಲ್ಲಿ ಮ್ಯಾನೇಜರನ ಬೈಗುಳಕ್ಕೆ ಅದೇ ಹೂಂ ನೆರವಾಯಿತು. ಐವತ್ತೆಂಟರ ವಯಸ್ಸಿನಲ್ಲಿ ಕೆನಡಕ್ಕೆ ಬಂದು, ಎಟೋಬಿಕೋ ಎಂಬಲ್ಲಿನ ಒಂದು ವೃದ್ಧರ ನಿವಾಸದಲ್ಲಿ ನೆಲ ಒರೆಸುವ ಕೆಲಸ ಹಿಡಿದಾಗ ಅವನ ಇಂಗ್ಲಿಷಿನಲ್ಲಿ ಅರ್ಧ ಹೂಂ, ಉಳಿದರ್ಧ ‘ಯೆಸ್ ಸರ್’.

ಅಲ್ಲಿ ಇನ್ನೂರ ಹದಿನಾಲ್ಕನೆಯ ಕೋಣೆಯಲ್ಲಿ ವಿಲ್ಫ್ರೆಡ್ ಟಾಪ್ಲಿಸ್ ಎಂಬ ತೊಂಬತ್ತಮೂರರ ಮುದುಕರಿದ್ದರು. ಮೂಲತಃ ಇಂಗ್ಲೆಂಡಿನವರು. 2017ರ ಜನವರಿಯ ಒಂದು ಮಧ್ಯಾಹ್ನ ಅವರು ನೆಲ ಒರೆಸುತ್ತಿದ್ದ ದೇರಣ್ಣನನ್ನು, ಯಾವ ದೇಶದವನು ಎಂದು ಕೇಳಿದರು.

“ಇಂಡಿಯಾ, ಸರ್. ಮ್ಯಾಂಗಲೂರ್.”

“ಕೊಚ್ಚಿನ್ ಹತ್ತಿರವೋ?”

“ಹೂಂ.”

ಆ ಒಂದು ಹೂಂ ಸಾಕಾಯಿತು. ಮುದುಕರು ಗೋಡೆಯ ಮೇಲಿದ್ದ ಹಡಗಿನ ಫೋಟೊ ತೋರಿಸಿ ಶುರುಮಾಡಿದರು. ಯುದ್ಧಕಾಲದಲ್ಲಿ ಅವರು ‘ವೆನ್‌ಲೋ’ ಎಂಬ ಫ್ರಿಗೇಟಿನಲ್ಲಿದ್ದರು. ಸರಕಿನ ಹಡಗುಗಳ ಹಿಂಡನ್ನು ಶತ್ರುಗಳ ಜಲಾಂತರ್ಗಾಮಿಗಳಿಂದ ಕಾಯುತ್ತ ಹೋಗುವ ಸಣ್ಣ ಯುದ್ಧನೌಕೆ ಅದು. ಇಷ್ಟೂ ದೇರಣ್ಣನಿಗೆ ಆಮೇಲೆ ನರ್ಸಮ್ಮನಿಂದ ತಿಳಿದದ್ದು. ಟಾಪ್ಲಿಸರ ಮಾತಿನಿಂದ ತಿಳಿದದ್ದೆಂದರೆ ಶಿಪ್ಪು, ಕೋಲ್ಡು, ಕ್ಯಾಪ್ಟನ್ನು, ಕೊಚ್ಚಿನ್ನು. ಅವರದು ಉತ್ತರ ಇಂಗ್ಲೆಂಡಿನ ಹಳ್ಳಿಯ ಉಚ್ಚಾರ, ಮೇಲಾಗಿ ಊಟವಾದ ಮೇಲೆ ಕಟ್ಟಿಸಿದ ಹಲ್ಲನ್ನು ಲೋಟಕ್ಕೆ ಹಾಕಿಬಿಡುತ್ತಿದ್ದರು.

ಮರುದಿನವೂ ಅದೇ ಕತೆ. ಅದರ ಮರುದಿನವೂ. ಒಂದು ಕೋಣೆಗೆ ಹನ್ನೊಂದು ನಿಮಿಷ ಎಂದು ಸೂಪರ್‌ವೈಸರ್ ಕಟ್ಟುಮಾಡಿದ್ದಳು. ಮುದುಕರು ಯುದ್ಧವನ್ನು ಸರಿಯಾಗಿ ಹನ್ನೊಂದು ನಿಮಿಷದಲ್ಲಿ ಮುಗಿಸಲು ಕಲಿತರು. ದೇರಣ್ಣ ಕಿಟಕಿಯ ಮೂಲೆಯಲ್ಲಿ ಮಾಪು ಊರಿದರೆ ಹಡಗು ನೀರಿಗಿಳಿಯುತ್ತಿತ್ತು. ಬೀರುವಿನ ಬಳಿ ಬಂದಾಗ ಅಟ್ಲಾಂಟಿಕ್: ಮುದುಕರು ಭುಜ ಕುಗ್ಗಿಸಿ ನಡುಗಿ ತೋರಿಸುತ್ತಿದ್ದರು. ಆಮೇಲೆ ಮಂಚದ ಕೆಳಗೆ. ನಂತರ ಅವರ ಕುರ್ಚಿ: ಎರಡೂ ಕಾಲೆತ್ತಿ “ಫ್ರಾನ್ಸ್!” ಎನ್ನುವರು, ಇವನು ಫ್ರಾನ್ಸನ್ನು ಒರೆಸುವನು. ಬಚ್ಚಲಿನ ಬಾಗಿಲಲ್ಲಿ ಟ್ರಿಂಕೋಮಲಿ ಬಂದರು, ಕೊಚ್ಚಿನ್, ಬೆವರು. ಹೊಸ್ತಿಲಿಗೆ ಬರುವಷ್ಟರಲ್ಲಿ ಯುದ್ಧ ಮುಗಿದು ಹಡಗು ಗುಜರಿಗೆ ಹೋಗಿರುತ್ತಿತ್ತು.

ಮಂಚದ ಕೆಳಗಿನದು ಬೇರೆ. ಅಲ್ಲಿ ಅವರ ಸ್ವರ ಇಳಿಯುತ್ತಿತ್ತು. ಏಳು ಬೆರಳೆತ್ತಿ, ಒಂದೊಂದಕ್ಕೆ ಒಂದು ಪದ ಹೇಳಿ ಮಡಚುವರು. ದೇರಣ್ಣ ತಲೆಯನ್ನು ಮಂಚದಡಿ ತೂರಿಸಿಕೊಂಡೇ ಪ್ರತಿಯೊಂದಕ್ಕೂ ಹೂಂ ಕೊಡುವನು. ಏಳು ಪದ, ಏಳು ಹೂಂ. ಆಮೇಲೆ ಮುದುಕರು ಗೋಡೆಯ ಫೋಟೊ ನೋಡುತ್ತ ಕೂರುವರು. ದೇರಣ್ಣನೂ ಆ ಹೊತ್ತಿಗೆಂದು ಒರೆಸಿದ ಜಾಗವನ್ನೇ ಇನ್ನೊಮ್ಮೆ ಒರೆಸುತ್ತಿದ್ದ.

ಕೇಳಬಹುದಿತ್ತಲ್ಲ ಎಂದರೆ, ಕೇಳಬಹುದಿತ್ತು. ಮೊದಲ ವಾರ ಕೇಳಬಹುದಿತ್ತು. ಮೂರು ತಿಂಗಳು ಮನಸಾರೆ ಹೂಂಗುಟ್ಟಿದ ಮೇಲೆ ‘ಸರ್, ಒಂದೂ ಅರ್ಥವಾಗಿಲ್ಲ’ ಎನ್ನುವುದು ಹೇಗೆ? ಮದುವೆಯೂಟಕ್ಕೆ ಕೂತು ಪಾಯಸದ ಹೊತ್ತಿಗೆ ‘ಯಾರ ಮದುವೆ?’ ಎಂದ ಹಾಗೆ.

2018ರ ಏಪ್ರಿಲಿನಲ್ಲಿ ಟಾಪ್ಲಿಸರು ತೀರಿಕೊಂಡರು. ವಾರದ ಮೇಲೆ ಹತ್ತಿರದ ಊರು ಮಿಲ್ಟನ್ನಿನಿಂದ ಅವರ ಮಗಳು ಮಾರ್ಗರೆಟ್ ಬಂದು ದೇರಣ್ಣನ ಕೈ ಹಿಡಿದುಕೊಂಡಳು. ಅರುವತ್ತೈದರ ಹೆಂಗಸು, ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತಾಡಿದಳು. ದುರದೃಷ್ಟಕ್ಕೆ ಎಲ್ಲ ಅರ್ಥವಾಯಿತು. ಅಪ್ಪ ಯುದ್ಧದ ಸುದ್ದಿಯನ್ನೇ ಮನೆಯಲ್ಲಿ ಎತ್ತುತ್ತಿರಲಿಲ್ಲ. ಕೇಳಿದರೆ “ಚಳಿಯಿತ್ತು” ಎಂದು ಟಿವಿ ಹಾಕುತ್ತಿದ್ದರು. ದಿನವೂ ನಿಮಗೆ ಎಲ್ಲ ಹೇಳುತ್ತಿದ್ದರಂತೆ, ನರ್ಸ್ ಹೇಳಿದಳು. ಗುರುವಾರ ಬರುತ್ತೇನೆ, ನನಗೂ ಹೇಳುತ್ತೀರಾ?

“ಹೂಂ,” ಎಂದಿತು ದೇರಣ್ಣನ ಬಾಯಿ. ಅವನನ್ನು ಕೇಳಲೂ ಇಲ್ಲ.

ಸಂಜೆ ಹೆಂಡತಿ ನೀರಜಾ ಬಂಗುಡೆ ಮೀನು ಕಾಯಿಸುತ್ತಿದ್ದವಳು ಸುದ್ದಿ ಕೇಳಿ ಸಟ್ಟುಗ ಹಿಡಿದೇ ತಿರುಗಿದಳು.

“ಹೇಳುವುದೆಂತ? ನಿಮಗೆ ಗೊತ್ತುಂಟಾ ಆ ಕತೆ?”

“ಸ್ವಲ್ಪ ಸ್ವಲ್ಪ.”

“ಎಷ್ಟು?”

“ಚಳಿಯಿತ್ತು.”

“ಅದು ಆ ಮಗಳಿಗೂ ಗೊತ್ತುಂಟಲ್ಲ ಮಾರಾಯ್ರೆ! ಒಂದು ವರ್ಷ ಮತ್ತೆ ಎಂತ ಕೇಳಿದ್ದು ನೀವು?”

“ಕೇಳಿದ್ದೇನೆ ಮಾರಾಯ್ತಿ. ಅರ್ಥ ಆಗ್ಲಿಲ್ಲ ಅಷ್ಟೆ.”

“ನಂಗೂ ಮೂವತ್ತೆಂಟು ವರ್ಷದಿಂದ ಇದೇ ಹೂಂ ಅಲ್ವಾ ಕೊಟ್ಟದ್ದು? ಹೇಳಿ ನೋಡುವಾ, ಇವತ್ತು ಬೆಳಿಗ್ಗೆ ನಾನು ಎಂತ ಹೇಳಿದೆ?”

ದೇರಣ್ಣ ಬಂಗುಡೆಯನ್ನು ನೋಡಿದ. ಅದರಿಂದಲೂ ಸಹಾಯ ಸಿಗಲಿಲ್ಲ.

“ಸುಳ್ಳು ಕಟ್ಟಿ ಹೇಳ್ಬೇಡಿ ಮತ್ತೆ,” ಎಂದಳು ನೀರಜಾ, ಸ್ವರ ತಗ್ಗಿಸಿ. “ಅಪ್ಪನದ್ದು ಕೇಳ್ಲಿಕ್ಕೆ ಬರ್ತಾ ಇದ್ದಾಳೆ, ಪಾಪ.”

ಗುರುವಾರ ಮಾರ್ಗರೆಟ್ ಎರಡು ಹಾಳೆ ಹಿಡಿದು ಬಂದಳು. ಮೊದಲೇ ಇಂಗ್ಲೆಂಡಿಗೆ ಬರೆದು ತರಿಸಿಕೊಂಡಿದ್ದ ವೆನ್‌ಲೋದ ದಾಖಲೆ. ದೇರಣ್ಣ ಮಾಪನ್ನು ಗೋಡೆಗೆ ಒರಗಿಸಿದ. “ಮೇಡಂ, ನೋ ಇಂಗ್ಲಿಷ್. ಐ ಲಿಸನ್. ನಾಟ್ ಅಂಡರ್‌ಸ್ಟ್ಯಾಂಡ್,” ಎಂದ. ಒಂದು ವರ್ಷ ಮೂರು ತಿಂಗಳು ತಡವಾಗಿ ಬಂದ ಮಾತು. ಅವಳ ಮುಖ ಇಳಿದದ್ದನ್ನು ನೋಡಲಾರದೆ, “ಯು ರೀಡ್. ಐ ಮಾಪ್. ಐ ಶೋ,” ಎಂದು ಸೇರಿಸಿದ. ಏನು ತೋರಿಸಬೇಕೆಂದು ಅವನಿಗೇ ಗೊತ್ತಿರಲಿಲ್ಲ.

ಟಾಪ್ಲಿಸರ ಕೋಣೆ ಖಾಲಿಯಾಗಿತ್ತು, ಮಂಚ ಕುರ್ಚಿ ಬೀರು ಮಾತ್ರ ಉಳಿದಿದ್ದವು, ಮೂರು ಗಂಟೆಗೆ ಹೊಸಬರು ಬರುವವರಿದ್ದರು. ಅವಳು ಅಪ್ಪನ ಕುರ್ಚಿಯಲ್ಲಿ ಕೂತು ಓದಿದಳು. ಇವನು ಕಿಟಕಿಯಿಂದ ಶುರುಮಾಡಿದ. 1943ರ ಮೇ, ಹಡಗು ನೀರಿಗಿಳಿಯಿತು. ಹೂಂ. ಅಟ್ಲಾಂಟಿಕ್ ಬೆಂಗಾವಲು. ದೇರಣ್ಣ ಭುಜ ಕುಗ್ಗಿಸಿ ನಡುಗಿ ತೋರಿಸಿದ. ಅವಳಿಗೆ ನಗು ಬಂತು, “ಹೌದು, ಚಳಿಯಿತ್ತು ಎನ್ನುವಾಗ ಅಪ್ಪ ಹೀಗೇ ಮಾಡುತ್ತಿದ್ದರು” ಎಂದಳು. ಜನವರಿ 1944, ಹಡಗುಗಳ ಹಿಂಡು ಸುರಕ್ಷಿತವಾಗಿ ತಲುಪಿತು, ವಿಶೇಷವಿಲ್ಲ. ಜೂನ್, ಫ್ರಾನ್ಸ್ ತೀರ...

“ಸ್ಟಾಪ್, ಮೇಡಂ.”

ದೇರಣ್ಣ ಮಂಚದ ಬಳಿ ಮಂಡಿಯೂರಿದ್ದ. ಫ್ರಾನ್ಸ್ ಇನ್ನೂ ಬರಕೂಡದು. ಮಂಚದ ಕೆಳಗೆ ಒರೆಸಿಯೇ ಇಲ್ಲ. ಅವಳು ಹಾಳೆ ತಿರುವಿ ನೋಡಿದಳು. ನಡುವೆ ಏನೂ ಇರಲಿಲ್ಲ. ಅವನು ಏಳು ಬೆರಳೆತ್ತಿದ. ಒಂದೊಂದಾಗಿ ಮಡಚಿದ.

“ಏಳು ಏನು? ಜನವೇ? ಹೆಸರು ಹೇಳುತ್ತಿದ್ದರೇ?”

ಹೆಸರುಗಳೇ ಇರಬೇಕು. ಊರುಗಳೂ ಇರಬಹುದು. ದೇರಣ್ಣ ತಲೆಯನ್ನು ಮಂಚದಡಿ ತೂರಿಸಿದ, ಅಲ್ಲಾದರೂ ಸಿಕ್ಕೀತೇ ಎಂದು. ಒಂದು ಗಿಡ್ಡ ಪದ, ಒಂದು ಉದ್ದದ್ದು, ಆಮೇಲೆ ಮತ್ತೊಂದು ಗಿಡ್ಡದ್ದು. ಏರಿಳಿತವೆಲ್ಲ ಕಿವಿಯಲ್ಲಿತ್ತು, ಅಕ್ಷರ ಒಂದೂ ಇರಲಿಲ್ಲ. ಬಂದದ್ದೆಲ್ಲ ತನ್ನದೇ ಹೂಂ.

“ಎವ್ರಿ ಡೇ ಹಿ ಟೆಲ್,” ಎಂದ ಮಂಚದಡಿಯಿಂದಲೇ. “ಸಾರಿ, ಮೇಡಂ.” ಆಮೇಲೆ ನೆನಪಾಗಿ, ತಲೆ ಹೊರಗೆಳೆದು, “ನಂಬರ್ ಫೋರ್... ಹಿ ಲಾಫ್.”

“ನಾಲ್ಕನೆಯದಕ್ಕೆ ನಗುತ್ತಿದ್ದರೇ?”

“ಸ್ಮಾಲ್ ಲಾಫ್. ಎವ್ರಿ ಡೇ.”

ಮಾರ್ಗರೆಟ್ ಪೆನ್ನು ತೆಗೆದು, ದಾಖಲೆಯ ಅಂಚಿನಲ್ಲಿ ಒಂದರಿಂದ ಏಳರವರೆಗೆ ಒಂದರ ಕೆಳಗೊಂದು ಅಂಕಿ ಬರೆದಳು. ನಾಲ್ಕರ ಮುಂದೆ ‘ನಗು’ ಎಂದು ಬರೆದಳು. ಉಳಿದವುಗಳ ಮುಂದೆ ಪೆನ್ನು ಹಿಡಿದು ಕಾದಳು.

ದೇರಣ್ಣ ಒರೆಸಿದ ಜಾಗವನ್ನೇ ಇನ್ನೊಮ್ಮೆ ಒರೆಸಿದ. ಆಮೇಲೆ ಅವಳ ಕುರ್ಚಿಯ ಬಳಿ ಬಂದ. ಅವಳು ಕಾಲೆತ್ತಲಿಲ್ಲ, ಎತ್ತಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಅವನು ಕುರ್ಚಿಯ ಸುತ್ತ ಒರೆಸಿಕೊಂಡು ಬಾಗಿಲ ಕಡೆಗೆ ಹೋದ.