ದಾರಿ ಬಿಡಿಸಿದ ರಾಜಕುಮಾರಿ

ನನ್ನ ಪುಸ್ತಕದಂಗಡಿಯಲ್ಲಿ ಕೊಳ್ಳದೆ ಓದುವವರ ಸಂಘವೊಂದಿದ್ದರೆ ಅದಕ್ಕೆ ಈ ಎರಡು ಜಡೆಯ ಹುಡುಗಿಯೇ ಅಧ್ಯಕ್ಷೆ. ದಿನಾ ಸಂಜೆ ಗೆಳತಿಯನ್ನು ಎಳೆದುಕೊಂಡು ಬಂದು, ನನ್ನ ಏಣಿಯ ಮೇಲೆ ಕೂತು, ರಾಜಕುಮಾರಿಯರ ಕಥೆಗಳನ್ನು ತನಗೆ ಬೇಕಾದಂತೆ ತಿದ್ದಿ ಓದುತ್ತಾಳೆ. ಅವಳ ರಾಜಕುಮಾರಿ ಗೋಪುರದ ಬೀಗವನ್ನು ತಾನೇ ಒಡೆಯುತ್ತಾಳೆ. “ರಾಜಕುಮಾರ ಎಲ್ಲಮ್ಮಾ?” ಎಂದರೆ, “ಕುದುರೆ ತೊಳೀತಿದಾನೆ ಅಂಕಲ್, ನೀವು ಸುಮ್ನಿರಿ” ಎನ್ನುತ್ತಾಳೆ. ರಾಕ್ಷಸ ಎದುರಾದಾಗ ಮಾತ್ರ ಓದು ನಿಲ್ಲಿಸಿ ಕಾಯುತ್ತಾಳೆ. ಬರೀ ಗತ್ತು ಎಂದುಕೊಂಡಿದ್ದೆ. ರಾಕ್ಷಸನಿಗೆ ಎದುರು ಮಾತಾಡುವುದು ಗೆಳತಿಯ ಸರದಿಯಂತೆ. ತೊದಲುತ್ತಾಳೆಂದು ಶಾಲೆಯಲ್ಲಿ ಎಲ್ಲರೂ ನಕ್ಕ ಮೇಲೆ ಆ ಮಗು ಬಾಯಿಯೇ ಬಿಟ್ಟಿರಲಿಲ್ಲ. ಇವತ್ತು ಆ ಗೆಳತಿ ಎದ್ದು ನಿಂತು, “ರಾ... ರಾಕ್ಷಸಾ, ದಾರಿ ಬಿಡೋ!” ಎಂದು ಅಂಗಡಿ ನಡುಗುವಂತೆ ಕೂಗಿದಳು. ಬಾಗಿಲಿಗೆ ಅಡ್ಡ ನಿಂತಿದ್ದ ನಾನು ತಟ್ಟನೆ ಪಕ್ಕಕ್ಕೆ ಸರಿದೆ.