ದಂತದ ಪೆಟ್ಟಿಗೆಯ ಎಡಮೂಲೆ

ಹಳೆಯದಕ್ಕೆ ಒಂದು ಗಾಂಭೀರ್ಯವಿದೆ. ಅದನ್ನು ಕಾಲವೊಂದೇ ಕೊಡಬಲ್ಲದು. ಮನುಷ್ಯರ ಕೈಗೆ ಎಟುಕುವಂಥದ್ದಲ್ಲ. ನಮ್ಮಪ್ಪ ಅದನ್ನು ನಾಲ್ಕು ದಿನದಲ್ಲಿ ಕೊಡುತ್ತಿದ್ದ. ಮಳೆಗಾಲವಾದರೆ ಆರು.

ಸವಣೂರಿನಲ್ಲಿ ಅಪ್ಪನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ನವಾಬರ ಊರು, ಹೊಸ ಸಾಮಾನಿಗೆ ಅಲ್ಲಿ ಮರ್ಯಾದೆ ಇರಲಿಲ್ಲ. ನಿನ್ನೆ ತೆಗೆಸಿದ ಫೋಟೋಕ್ಕೂ ಮುತ್ತಜ್ಜನ ಕಾಲದ ಕಟ್ಟು ಬೇಕು, ಮೊನ್ನೆ ಬಡಿಗ ಮಾಡಿದ ಪೆಟ್ಟಿಗೆ ನೂರು ವರ್ಷ ಅಟ್ಟದಲ್ಲಿ ಬಿದ್ದಿದ್ದಂತೆ ಕಾಣಬೇಕು. ಅಪ್ಪ ರದ್ದಿ ಕಾಗದ ನೆನೆಸಿ ಅರೆದು ಅದರಲ್ಲಿ ಹೂಬಳ್ಳಿ ಎಬ್ಬಿಸುತ್ತಿದ್ದ, ಅಂಚಿಗೆ ಸೆಣಬಿನ ಹುರಿ ಕೂಡಿಸುತ್ತಿದ್ದ, ಚಹಾಪುಡಿ ಬರುವ ಪೆಟ್ಟಿಗೆಯ ಒಳಗಿನ ಬೇಗಡೆಗೆ ಅರಿಸಿನ ಕಲಸಿದ ರಾಳ ಬಳಿದು ಚಿನ್ನ ಮಾಡುತ್ತಿದ್ದ. ಎಲ್ಲವನ್ನೂ ಹಿಡಿದಿಡುವುದು ಹುಣಸೆಬೀಜದ ಅಂಟು. ಕೊನೆಗೆ ದೀಪದ ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ಬಿರುಕುಗಳಿಗೆ ತಿಕ್ಕಿ ಒರೆಸಿದರೆ ಮೂರು ತಲೆಮಾರು ಕಳೆದಂತಾಗುತ್ತಿತ್ತು.

ದಂತದ ಕೆಲಸ ಬೇಕೆಂದವರಿಗೆ ಕೋಳಿಮೊಟ್ಟೆಯ ಚಿಪ್ಪು. ಚೂರು ಚೂರಾಗಿ ಒತ್ತೊತ್ತಿ ಕೂಡಿಸಿ ಮೇಲೆ ಚಹಾದ ನೀರು ಸವರಿದರೆ, ಆನೆಯೇ ಬಂದು ನಿಂತರೂ ತನ್ನದೆಂದು ಒಪ್ಪಬೇಕು. ನಾವು ಲಿಂಗ ಕಟ್ಟಿದವರು, ಮೊಟ್ಟೆ ಮುಟ್ಟುವ ಜನರಲ್ಲ. ಆದರೆ ಅಪ್ಪನ ಶಾಸ್ತ್ರದ ಪ್ರಕಾರ ಒಳಗಿರುವುದು ಮೊಟ್ಟೆ, ಹೊರಗಿರುವುದು ಸಾಮಾನು. ಚಿಪ್ಪುಗಳು ಹಿಂದಿನ ಓಣಿಯಿಂದ ತೊಳೆದು ಬರುತ್ತಿದ್ದವು, ಅಂಗಡಿಯ ಹೊಸ್ತಿಲು ದಾಟಿ ಮನೆಯೊಳಗೆ ಬರುತ್ತಿರಲಿಲ್ಲ. ಅವ್ವ ಅವನ್ನು ‘ಬಿಳಿ ಸಾಮಾನು’ ಎನ್ನುತ್ತಿದ್ದಳು. ಅಷ್ಟರಿಂದ ಎಲ್ಲರಿಗೂ ಸಮಾಧಾನವಿತ್ತು.

ಎರಡನೆಯ ಮಹಾಯುದ್ಧ ಶುರುವಾದ ಮರುವರ್ಷ ನನ್ನನ್ನು ಅಕ್ಕಿಆಲೂರಿಗೆ ಕೊಟ್ಟರು. ನಿಶ್ಚಯದ ದಿನ ಮಾವನವರು ಎಲೆ-ಅಡಿಕೆಯ ತಟ್ಟೆಯ ಮೇಲೆ ಕೈಯಿಟ್ಟು ಹೇಳಿದ ಮಾತು ನನಗೆ ಒಳಗಿನ ಕೋಣೆಗೂ ಕೇಳಿಸಿತು.

“ಕಟ್ಟು ಹಾಕೋರ ಮನಿ. ಹತ್ತು ಮಂದಿ ಕೂಡ ಯವಾರ. ಆದರೂ ಮನಿ ಶುದ್ಧ ಐತಿ ಅಂತ ನಂಬಿ ಹುಡಿಗೀನ ತರ್ತೇನಿ. ನಾಳೆ ಏನರ ಕಂಡ್ರ ಸವಣೂರ ಮೋಟಾರ ಹತ್ತಸ್ತೇನಿ, ಅಷ್ಟ.”

ಎಲ್ಲರೂ ನಕ್ಕರು. ಮಾವ ನಗಲಿಲ್ಲ.

ಅವರು ಆಡಿದಂತೆ ನಡೆಯುವವರು ಎಂಬುದು ನನಗೆ ಬಂದ ತಿಂಗಳಲ್ಲೇ ತಿಳಿಯಿತು. ಯಾರದೋ ಕೋಳಿಯೊಂದು ನಮ್ಮ ಅಂಗಳವನ್ನು ಈ ಕಡೆಯಿಂದ ಆ ಕಡೆಗೆ ದಾಟಿತು. ಅದಕ್ಕೆ ಬೇರೆ ಉದ್ದೇಶವಿದ್ದಂತೆ ಕಾಣಲಿಲ್ಲ. ಅಂಗಳವನ್ನು ಮೂರು ಸಲ ಸಾರಿಸಿದೆವು. ಅದನ್ನು ಓಡಿಸದೆ ನೋಡುತ್ತ ನಿಂತಿದ್ದ ಆಳು, ಹನ್ನೊಂದು ವರ್ಷ ಆ ಮನೆಯಲ್ಲಿ ದುಡಿದವನು, ಮರುದಿನದಿಂದ ಬರಲಿಲ್ಲ.

ಆ ಮನೆಯ ದೇವರ ಜಗಲಿಯ ಮೇಲೆ ವಿಭೂತಿ ಇಡುವ ಪೆಟ್ಟಿಗೆಯೊಂದಿತ್ತು. ಅತ್ತೆ ಹಿರೇಕೆರೂರಿನ ತವರಿನಿಂದ ತಂದದ್ದು. ಮುಚ್ಚಳದ ತುಂಬ ದಂತದ ಕೆಲಸವೆಂದು ಇಡೀ ಓಣಿಗೆ ಗೊತ್ತು. ಸತ್ತ ಆನೆಯ ಹಲ್ಲು ಜಗಲಿಯ ಮೇಲೆ ಮಡಿ, ಬದುಕಿದ ಕೋಳಿಯ ಹೆಜ್ಜೆ ಅಂಗಳದಲ್ಲಿ ಮೈಲಿಗೆ. ಇದನ್ನು ನಾನು ಆಗ ಪ್ರಶ್ನಿಸಲಿಲ್ಲ. ಮಾವ ಪೂಜೆಗೆ ಕೂತಾಗ ಸೊಸೆ ಆ ಕೋಣೆಗೆ ಹೋಗುವಂತಿರಲಿಲ್ಲ. ಆ ಪೆಟ್ಟಿಗೆಯನ್ನು ಅವರು ಹೇಗೆ ತೆರೆಯುತ್ತಾರೆಂದು ಹಾಗಾಗಿ ನಾನು ನೋಡಿರಲಿಲ್ಲ. ಇದು ಮುಂದೆ ಬಹಳ ದೊಡ್ಡ ವಿಷಯವಾಯಿತು.

ಆ ವರ್ಷ, ಅತ್ತೆಯ ತವರೂರಿಗೇ ಕೊಟ್ಟಿದ್ದ ನಾದಿನಿಯ ಬಾಣಂತನಕ್ಕೆಂದು ಅತ್ತೆ-ಮಾವ ಇಬ್ಬರೂ ಎಂಟು ದಿನ ಹಿರೇಕೆರೂರಿಗೆ ಹೊರಟರು. ಅತ್ತೆ ಗಾಡಿ ಹತ್ತುವಾಗ ಹೇಳಿದರು, “ಜಗಲಿ ಸಾಮಾನೆಲ್ಲಾ ಬೆಳಗಿಡು. ಒಂದೂ ಬಿಡಬ್ಯಾಡ.”

ನಾನು ವಿಧೇಯಳಾಗಿದ್ದೆ. ಒಂದೂ ಬಿಡಲಿಲ್ಲ. ಗಂಟೆ, ಆರತಿ, ದೀಪದ ಸಮೆಗಳ ಜೊತೆಗೆ ಪೆಟ್ಟಿಗೆಯ ಮುಚ್ಚಳವನ್ನೂ ಎತ್ತಿ ಹುಣಸೆಹುಳಿಯ ನೀರಿಗೆ ಹಾಕಿದೆ. ಅದರ ಹಿತ್ತಾಳೆಯ ಮೂಲೆಪಟ್ಟಿಗಳು ಹಸಿರು ಹಿಡಿದಿದ್ದವು, ಸಂದಿ-ತಗ್ಗುಗಳಲ್ಲೆಲ್ಲ ವಿಭೂತಿ ಮೆತ್ತಿತ್ತು. ದಂತಕ್ಕೆ ನೀರಿನಿಂದ ಏನಾದೀತು? ಇದ್ದಿಲು ತರಲು ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ದಂತದಿಂದ ಸಣ್ಣ ಸಣ್ಣ ಗುಳ್ಳೆಗಳು ಏಳುತ್ತಿದ್ದವು.

ಆನೆಯ ಹಲ್ಲು ಹುಳಿಗೆ ನೊರೆ ಕಾರುವುದಿಲ್ಲ. ಒಂದು ಚೂರು ಎತ್ತಿ ನೋಡಿದೆ. ತೆಳ್ಳಗಿತ್ತು, ಬಾಗಿತ್ತು, ಒಳಮೈಗೆ ಹಳದಿ ಪೊರೆ ಅಂಟಿತ್ತು. ನಾನು ಹುಟ್ಟಿ ಬೆಳೆದದ್ದೇ ಆ ಚೂರುಗಳ ನಡುವೆ. ಮುಚ್ಚಳ ಎತ್ತಿದರೆ ಅಂಟು ಕರಗಿ ಉಳಿದದ್ದೆಲ್ಲ ಬೋಗುಣಿಯ ತಳಕ್ಕೆ ಜಾರಿತು. ಕೈಯಲ್ಲಿ ಉಳಿದದ್ದು ಬರೀ ಮಾವಿನ ಹಲಗೆ.

ಹುಳಿನೀರು ಬಸಿದು ಚೂರುಗಳನ್ನು ಉಳಿಸಿಕೊಂಡೆ. ಈ ಮನೆಯವರು ಇಷ್ಟು ವರ್ಷ ಹಣೆಗೆ ಹಚ್ಚಿಕೊಂಡ ವಿಭೂತಿ ಕೋಳಿಮೊಟ್ಟೆಯ ಚಿಪ್ಪಿನ ಕೆಳಗೆ ಇತ್ತು. ಅದನ್ನು ಹೇಳುವ ಧೈರ್ಯ ಯಾರಿಗಿದೆ? ಹೇಳಿದರೂ ಕೇಳುವವರು ಒಂದೇ ಮಾತು ಕೇಳುತ್ತಾರೆ: ನಿನಗದು ಹೇಗೆ ಗೊತ್ತು? ಹೇಳದಿದ್ದರೆ ಬೋಳು ಮುಚ್ಚಳ ಎದುರಿಗಿದೆ. ಎರಡು ದಾರಿಯೂ ಸವಣೂರ ಮೋಟಾರಿನ ಹತ್ತಿರ ಹೋಗಿ ನಿಲ್ಲುತ್ತಿದ್ದವು.

ಅಪ್ಪನಿಗೆ ಕಾರ್ಡು ಬರೆದೆ. ನಮ್ಮೂರಲ್ಲಿ ಕಾರ್ಡನ್ನು ವಿಳಾಸದಾರನಿಗಿಂತ ಮೊದಲು ನಾಲ್ಕು ಜನ ಓದುತ್ತಿದ್ದರು. ಹಾಗಾಗಿ ಬರೆದದ್ದು ಇಷ್ಟೇ: ಎಲ್ಲರೂ ಕ್ಷೇಮ, ಬಿಳಿ ಸಾಮಾನು ತಗೊಂಡು ತಕ್ಷಣ ಬರುವುದು.

ನಾಲ್ಕನೆಯ ದಿನ ಮಧ್ಯಾಹ್ನ ಅಪ್ಪ ಬಂದ. ನನ್ನ ಗಂಡ ಅಕ್ಕಿ ಗಿರಣಿಗೆ ಹೋಗಿದ್ದರು. ಅಪ್ಪ ಎಲೆ-ಅಡಿಕೆಯ ಚೀಲದಿಂದ ಅಂಟಿನ ಡಬ್ಬಿ, ರಾಳ, ಕಾಡಿಗೆ, ಕೊನೆಗೆ ಅರಿವೆಯಲ್ಲಿ ಸುತ್ತಿದ ಚಿಪ್ಪು ತೆಗೆದ. ಬೋಳು ಮುಚ್ಚಳವನ್ನೂ ಬೋಗುಣಿಯ ಚೂರುಗಳನ್ನೂ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

“ಇದು ನನ್ನ ಕೈಯ ಕೆಲಸಲ್ಲ,” ಎಂದ. “ಆದ್ರ ಮಾಡಿದಾಂವ ಚಲೋ ಮಾಡ್ಯಾನ.”

“ಅಪ್ಪಾ, ಅವರು ಶನಿವಾರ ಬರ್ತಾರ.”

“ಬರ್ಲಿ. ಶುಕ್ರವಾರಕ್ಕ ನೂರ ವರ್ಷ ಆಗಿರತೈತಿ.”

“ನೀನ ಮಾಡಿಕೊಟ್ಟು ಹೋಗು.”

“ಮಗಳ ಮನ್ಯಾಗ ಕಾರಣ ಇಲ್ದ ಎರಡು ದಿನ ಕುಂತ್ರ, ಕಾರಣ ಏನಂತ ಹುಡಕ್ತಾರ. ಸಂಜಿ ಮೋಟಾರಿಗೆ ಹೋಗ್ತೇನಿ. ನಿನಗ ಕೆಲಸ ಬರತೈತಿ.”

ಕೆಲಸ ಬರುತ್ತಿತ್ತು. ಎರಡು ಮಧ್ಯಾಹ್ನ ಹಿತ್ತಲಿನ ಕಟ್ಟಿಗೆಮನೆಯಲ್ಲಿ ಕೂತು, ರಸ್ತೆಯಲ್ಲಿ ಗಾಡಿಯ ಸಪ್ಪಳವಾದಾಗಲೆಲ್ಲ ಮುಚ್ಚಳದ ಮೇಲೆ ಸೆರಗು ಹೊದಿಸುತ್ತ, ಚೂರಿಗೆ ಚೂರು ಕೂಡಿಸಿದೆ. ಎರಡನೆಯ ದಿನ ಒಂದು ಕಾಗೆ ಬಂತು. ಅರ್ಧ ಚಿಪ್ಪನ್ನು ಕಚ್ಚಿಕೊಂಡು ಮಾಳಿಗೆಯ ಮೇಲೆ ಹಾರಿತು. ನಾನು ಮುಂದಿನ ಅಂಗಳಕ್ಕೆ ಓಡುವುದಕ್ಕೂ ಅದು ಚಿಪ್ಪನ್ನು ಅಲ್ಲಿ ಕೆಡವುವುದಕ್ಕೂ, ನನ್ನ ಗಂಡ ಊಟಕ್ಕೆ ಬಾಗಿಲಿಗೆ ಬರುವುದಕ್ಕೂ ಸರಿಹೋಯಿತು. ನಾನು ಚಿಪ್ಪಿನ ಮೇಲೆ ಕಾಲಿಟ್ಟು ನಿಂತೆ.

“ಯಾಕ ಇಲ್ಲಿ ನಿಂತೀ?”

“ಹಂಗ ಸುಮ್ಮನ ರೀ.”

“ಬಿಸಲಾಗ?”

“ಥಂಡಿ ಆಗಿತ್ತರಿ.”

ವೈಶಾಖದ ಬಿಸಿಲು. ಅವರು ನನ್ನನ್ನೂ ಸೂರ್ಯನನ್ನೂ ಒಮ್ಮೆ ನೋಡಿ ಒಳಗೆ ಹೋದರು. ಅಂಗಾಲಿನ ಕೆಳಗೆ ಚಿಪ್ಪು ಪುಡಿಯಾದ ಸಪ್ಪಳ ನನಗೆ ಗಿರಣಿಯ ಸಪ್ಪಳಕ್ಕಿಂತ ದೊಡ್ಡದಾಗಿ ಕೇಳಿಸಿತು.

ಶುಕ್ರವಾರ ಸಂಜೆ ಕಾಡಿಗೆ ತಿಕ್ಕಿ ಒರೆಸಿದೆ. ನೆನಪಿನಿಂದ ಮಾಡಿದ್ದಾದರೂ ಅಂಚಿನಿಂದ ಅಂಚಿಗೆ ಎಲ್ಲೂ ಸಂದಿಲ್ಲ. ಅಂಥ ಕೆಲಸವನ್ನು ಅಪ್ಪನೂ ಮಾಡಿರಲಿಲ್ಲ. ಹೆದರಿಕೆಯ ನಡುವೆಯೂ ಸ್ವಲ್ಪ ಜಂಬವಾಯಿತು. ಜಂಬ ಬಂದರೆ ಕೆಲಸ ಕೆಟ್ಟಿತೆಂದು ಆಗ ತಿಳಿಯಲಿಲ್ಲ.

ಶನಿವಾರ ಮಧ್ಯಾಹ್ನ ಗಾಡಿ ಬಂತು. ಮಾವ ಅಂಗಳದಲ್ಲಿ ಕಾಲು ತೊಳೆಯುತ್ತಿದ್ದಾಗ ಅತ್ತೆ ನೇರ ಜಗಲಿಗೆ ಹೋದರು. ಗಂಟೆ ನೋಡಿದರು, ಸಮೆ ನೋಡಿದರು, ಪೆಟ್ಟಿಗೆ ಕೈಗೆತ್ತಿಕೊಂಡರು. ಹೆಬ್ಬೆರಳಿನಿಂದ ಮುಚ್ಚಳದ ಎಡಮೂಲೆ ಸವರಿದರು. ಮತ್ತೊಮ್ಮೆ ಸವರಿದರು.

“ಇಲ್ಲಿ ಒಂದು ಚೂರು ಇರಲಿಲ್ಲ,” ಎಂದರು.

ನಾನು ಅಂಗಳದ ಕಡೆ ನೋಡಿದೆ.

“ನಾ ಮದಿವ್ಯಾಗಿ ಬಂದ ವರ್ಷನ ಬಿದ್ದಿತ್ತದು. ನಿಮ್ಮ ಮಾವ ದಿನಾ ಮುಂಜಾನೆ ಆ ತಗ್ಗಿನಾಗ ಹೆಬ್ಬಟ್ಟ ಇಟ್ಟ ಮುಚ್ಚಳ ಎತ್ತತಾರ. ಕಣ್ಣು ಮುಚ್ಚಿಕೊಂಡ ಎತ್ತತಾರ. ನಾಳೆ ಆ ಹೆಬ್ಬಟ್ಟಿಗೆ ತಗ್ಗು ಸಿಗಲಿಲ್ಲಂದ್ರ ಕಣ್ಣು ತಗೀತಾರ.”

“ಅತ್ತೀ, ನಾನು ಬೆಳಗಾಕ ಹೋಗಿ…”

“ಗೊತ್ತಾತು.” ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಬಿದ್ದ ಚೂರನ್ನ ಆವತ್ತ ನಾನೂ ಕೈಯಾಗ ಹಿಡದು ನೋಡೇನಿ. ದಂತ ಯಾವದು, ಮತ್ತೊಂದು ಯಾವದು, ನನಗೂ ತಿಳೀತೈತಿ. ತವರಮನಿ ಪೆಟಗಿ. ಯಾರ ಮುಂದ ಹೇಳ್ಲಿ?”

ಅಂಗಳದಲ್ಲಿ ಮಾವ ತಂಬಿಗೆ ಕೆಳಗಿಟ್ಟ ಸಪ್ಪಳವಾಯಿತು. ಅತ್ತೆ ತುರುಬಿನಿಂದ ಹೇರ್‌ಪಿನ್ನು ತೆಗೆದು, ನಾನು ಎರಡು ಮಧ್ಯಾಹ್ನ ಉಸಿರು ಹಿಡಿದು ಕೂಡಿಸಿದ ಮೂಲೆಯಿಂದ ಹೆಬ್ಬೆರಳಗಲದ ಚೂರನ್ನು ಎಬ್ಬಿಸಿದರು. ಅದು ಸುಲಭವಾಗಿ ಬಂತು. ಅಂಟು ಇನ್ನೂ ಹಸಿಯಿತ್ತು. ತಗ್ಗಿನ ಅಂಚಿಗೆ ವಿಭೂತಿ ತಿಕ್ಕಿದರು, ಚೂರನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

“ಇಷ್ಟ ವರ್ಷ ನಾ ಹೆದರೇನಿ. ನನಗ ಸಾಕಾತು. ಇನ್ನಮ್ಯಾಲೆ ನೀ ಹೆದರು.”

ಮನೆಯ ಬೀಗದ ಕೈ ಅವರು ನನಗೆ ಕೊಟ್ಟದ್ದು ಅದಾಗಿ ಒಂಬತ್ತು ವರ್ಷಕ್ಕೆ. ಇದನ್ನು ಮಾತ್ರ ಆ ದಿನವೇ ಕೊಟ್ಟರು.

ಮರುದಿನ ಬೆಳಿಗ್ಗೆ ಮಾವ ಪೂಜೆಗೆ ಕೂತರು. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವುದು ನಿಲ್ಲಿಸಿ ಕಿವಿಗೊಟ್ಟೆ. ಅತ್ತೆ ಒಲೆಯ ಬೆಂಕಿ ಮುಂದೂಡುತ್ತ, “ಬಡಿ, ಬಡಿ. ರೊಟ್ಟಿ ನಿಂತ್ರ ಅವರಿಗೆ ಗೊತ್ತಾಗತೈತಿ,” ಎಂದರು. ಬಡಿದೆ. ಗಂಟೆ ಬಾರಿಸಿದ್ದಾಯಿತು, ಮಂತ್ರವಾಯಿತು. ಆಮೇಲೆ ಏನೂ ಕೇಳಿಸಲಿಲ್ಲ. ರೊಟ್ಟಿ ಅಂಚಿನಲ್ಲಿ ಹರಿಯಿತು. ಮುಚ್ಚಳ ಎತ್ತಿಟ್ಟ ಸಣ್ಣ ಸಪ್ಪಳ ಕೊನೆಗೆ ಬಂತು. ಮಾವ ಹಣೆಯ ತುಂಬ ವಿಭೂತಿ ಧರಿಸಿ ಹೊರಗೆ ಬಂದರು, ರೊಟ್ಟಿ ಬೇಡಿದರು.

ಅವರು ಇನ್ನೂ ಹದಿನಾರು ವರ್ಷ ಆ ಪೆಟ್ಟಿಗೆಯಿಂದಲೇ ವಿಭೂತಿ ತೆಗೆದುಕೊಂಡರು. ಪೆಟ್ಟಿಗೆ ಈಗಲೂ ಜಗಲಿಯ ಮೇಲಿದೆ. ಮುಚ್ಚಳದ ಎಡಮೂಲೆಯಲ್ಲಿ ಒಂದು ಚೂರು ಇಲ್ಲ.