ಟೈಲರ್ ಭಾಗ್ಯ ಮತ್ತು ಗೋವಾದ ಮೂರು ದಿನ

ಭಾಗ್ಯ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಿದ್ದಳು. ನಾಲ್ಕೈದು ಸೂಜಿಗಳು ತುಟಿಯ ಎಡಮೂಲೆಯಲ್ಲಿ ಸಾಲಾಗಿ ನಿಂತಿರುತ್ತಿದ್ದವು. ಮಾತು ಬಲಮೂಲೆಯಿಂದ ಬರುತ್ತಿತ್ತು. ಹಾಗೇ ಗಿರಾಕಿಗಳನ್ನು ಬೈಯುತ್ತಿದ್ದಳು, ಹಾಗೇ ಫೋನಿನಲ್ಲಿ ಮಗಳಿಗೆ ಸಾರಿನ ಹದ ಹೇಳುತ್ತಿದ್ದಳು, ಹಾಗೇ ಜೋರಾಗಿ ನಗುತ್ತಲೂ ಇದ್ದಳು. ಎಲ್ಲಿಯಾದರೂ ಒಂದನ್ನು ನುಂಗಿಬಿಟ್ಟರೆ ಏನು ಗತಿ ಎಂದು ಮೊದಮೊದಲು ನನಗೆ ಹೆದರಿಕೆಯಾಗುತ್ತಿತ್ತು. ಕೇಳಿದ್ದಕ್ಕೆ, "ಇದುವರ್ಗೂ ನುಂಗಿಲ್ಲ. ನುಂಗಿದ್ ದಿನ ನಿಂಗೇ ಮೊದ್ಲು ಏಳ್ತೀನಿ ಬುಡು" ಎಂದಿದ್ದಳು.

ಕೊಡಿಗೇಹಳ್ಳಿಯಲ್ಲಿ ನಮ್ಮ ಮನೆಯಿಂದ ಎರಡನೆಯ ತಿರುವಿನಲ್ಲಿ ಅವಳ ಅಂಗಡಿ. ಅಂಗಡಿ ಎಂದರೆ ಹಳೆಯ ಹೆಂಚಿನ ಮನೆಯ ಮುಂಭಾಗದ ಒಂದು ಕೋಣೆ. ಹಿಂದಿನ ಎರಡು ಕೋಣೆಗಳಲ್ಲಿ ಅವಳ ಸಂಸಾರ. ಎರಡೂ ಪಕ್ಕ ಅಪಾರ್ಟ್‌ಮೆಂಟ್ ಎದ್ದಿದ್ದರಿಂದ ಒಳಗೆ ಹಗಲಲ್ಲೂ ಟ್ಯೂಬ್‌ಲೈಟ್ ಉರಿಯಬೇಕಿತ್ತು. ಅವಳು ಹುಟ್ಟಿ ಬೆಳೆದದ್ದು ಚಿಕ್ಕಜಾಲದಲ್ಲಿ. 'ಹ' ಅವಳ ನಾಲಿಗೆಗೆ ಬರುತ್ತಿರಲಿಲ್ಲ. ಇಪ್ಪತ್ತೈದು ವರ್ಷದಿಂದ ಹೊಲಿಗೆಯಲ್ಲೇ ಬದುಕಿದರೂ ಅದನ್ನು ಒಲಿಗೆ ಎಂದೇ ಅನ್ನುತ್ತಿದ್ದಳು. ಮದುವೆ ಹೆಣ್ಣುಗಳ ರವಿಕೆಯಲ್ಲಿ ಒಳಗಡೆ ಎರಡು ಬೆರಳು ಬಟ್ಟೆ ಮಡಿಸಿ ಬಿಡುತ್ತಿದ್ದಳು. "ಮಕ್ಕಳಾದ್ಮೇಲೆ ಬಾ, ಬಿಚ್ಚಿ ದೊಡ್ಡದ್ ಮಾಡ್ಕೊಡ್ತೀನಿ" ಅನ್ನುತ್ತಿದ್ದಳು. ಹುಡುಗಿಯರು ನಾಚುತ್ತಿದ್ದರು, ಅವರ ಅಮ್ಮಂದಿರು ಮುಖ ಗಂಟಿಕ್ಕುತ್ತಿದ್ದರು. ಅವಳು ಎರಡನ್ನೂ ಗಮನಿಸುತ್ತಿರಲಿಲ್ಲ.

ನಾನು ಯಶವಂತಪುರದ ಒಂದು ಖಾಸಗಿ ಕಂಪನಿಯಲ್ಲಿ ಕೆಲಸ ಮಾಡುವವಳು. ಭಾಗ್ಯಳಿಗೆ ಮೊದಲು ಬರೀ ಗಿರಾಕಿಯಾಗಿದ್ದೆ. 'ಮೇಡಂ' ಎಂದು ಕರೆಯುತ್ತಿದ್ದವಳು ಯಾವಾಗ 'ಸುಮಾ' ಎಂದು ಶುರು ಮಾಡಿದಳೋ ನೆನಪಿಲ್ಲ. ನೆನಪಿರುವುದು ನನ್ನ ಯಜಮಾನರು ಹೋದ ಮೇಲಿನ ಒಂದು ಬೆಳಿಗ್ಗೆ.

ಅವರು ಊಟಕ್ಕೆ ಕೂತವರು ಹಾಗೇ ತಟ್ಟೆಯ ಮೇಲೆ ಬಾಗಿದರು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಮುಗಿದಿತ್ತು. ನಮಗೆ ಮಕ್ಕಳಿಲ್ಲ. ಬಂದ ನೆಂಟರೆಲ್ಲ ಅತ್ತರು. ನನಗೆ ಅಳು ಬರಲಿಲ್ಲ. ಆಮೇಲೆ ಬರುತ್ತದೆ ಎಂದರು, ಆಮೇಲೂ ಬರಲಿಲ್ಲ. ಕಾರ್ಯಗಳೆಲ್ಲ ಮುಗಿದ ಮೇಲೆ ಆಫೀಸಿಗೆ ಹೋದೆ, ಬಂದೆ. ಕಾಫಿ ಬಿಸಿಯಾಗಿದೆಯೋ ಆರಿದೆಯೋ ಕುಡಿದ ಮೇಲೂ ತಿಳಿಯುತ್ತಿರಲಿಲ್ಲ. ಹೀಗೇ ಒಂದು ಬೆಳಿಗ್ಗೆ ಬಸ್‌ಸ್ಟಾಪಿಗೆ ಹೋಗುತ್ತಿದ್ದಾಗ ಭಾಗ್ಯ ಅಂಗಡಿಯಿಂದ ಇಳಿದು ಬಂದು ಕೈ ಹಿಡಿದು ನಿಲ್ಲಿಸಿದಳು.

"ಚೂಡಿದಾರ ಉಲ್ಟಾ ಆಕೊಂಡಿದೀಯ ಕಣೆ."

ನೋಡಿಕೊಂಡೆ. ಹೊಲಿಗೆಯೆಲ್ಲ ಹೊರಗಿತ್ತು. ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿ, ಅವಳೇ ಕಳಚಿ, ಸರಿಮಾಡಿ ಹಾಕಿದಳು, ಮಗುವಿಗೆ ಹಾಕುವ ಹಾಗೆ. ಬಾಯಲ್ಲಿದ್ದ ಸೂಜಿಗಳನ್ನು ತೆಗೆದು ಮಿಷಿನ್ ಮೇಲಿನ ಪುಟ್ಟ ದಿಂಬಿಗೆ ಚುಚ್ಚಿ, "ಸಾಯಂಕಾಲ ಮನೆಗೆ ಓಗ್ಬೇಡ. ಇಲ್ಲಿಗೆ ಬಾ" ಎಂದಳು. ಅಂದಿನಿಂದ ದಿನಾ ಸಂಜೆ ಅಲ್ಲಿಗೆ ಹೋಗಿ ಕೂರುವುದು ಅಭ್ಯಾಸವಾಯಿತು. ಅವಳು ಮಿಷಿನ್ ತುಳಿಯುತ್ತಿದ್ದಳು, ನಾನು ರವಿಕೆಗಳಿಗೆ ಹುಕ್ಕು ಹಾಕುತ್ತಿದ್ದೆ. ಹೇಗಿದ್ದೀಯ ಎಂದು ಅವಳು ಒಂದು ದಿನವೂ ಕೇಳಲಿಲ್ಲ.

ಆ ವರ್ಷ ಚಿಕ್ಕಪೇಟೆಯಲ್ಲಿ ಅವಳಿಗೆ ಲೈನಿಂಗ್ ಬಟ್ಟೆ ಕೊಡುವ ಹೋಲ್‌ಸೇಲ್ ವ್ಯಾಪಾರಿ, ತನ್ನ ಟೈಲರ್‌ಗಳ ಹೆಸರು ಬರೆದ ಚೀಟಿ ಎತ್ತಿಸಿದ್ದ. ಭಾಗ್ಯಳ ಚೀಟಿ ಬಂತು. ಗೋವಾದ ಒಂದು ಕ್ಯಾಸಿನೋ ರೆಸಾರ್ಟಿನಲ್ಲಿ ಇಬ್ಬರಿಗೆ ಮೂರು ದಿನ, ಊಟ ತಿಂಡಿ ಎಲ್ಲ ಸೇರಿ. ಅವಳ ಗಂಡ ನಾಗರಾಜಣ್ಣ ಕಂಪನಿ ಬಸ್ಸಿನ ಡ್ರೈವರ್. ಎಲ್ಲಿಗಾದರೂ ಹೋಗುವುದೆಂದರೆ ಅವರಿಗೆ ಆಗದು. "ದಿನಾ ಬಸ್ಸಲ್ಲೇ ಸಾಯ್ತೀನಿ, ರಜಾ ದಿನಾನೂ ಪ್ರಯಾಣನಾ? ನೀವಿಬ್ರೂ ಹೋಗ್ಬನ್ನಿ" ಎಂದು ನನ್ನತ್ತ ಕೈ ತೋರಿಸಿದರು.

ಇಲ್ಲಿ ಒಂದು ವಿಷಯ ಹೇಳಬೇಕು. ಇಸ್ಪೀಟೆಂದರೆ ಭಾಗ್ಯಳಿಗೆ ಎಷ್ಟು ಆಗದು ಎಂಬುದು ಬೀದಿಗೆಲ್ಲ ಗೊತ್ತಿತ್ತು. ನಮ್ಮ ಕಡೆ ಯುಗಾದಿಯ ಮಾರನೆಯ ದಿನ, ಹೊಸತೊಡಕಿಗೆ, ಗಂಡಸರು ಮಧ್ಯಾಹ್ನ ಬಾಡೂಟ ಮುಗಿಸಿ ಇಸ್ಪೀಟೆಲೆ ಹಾಕಿಕೊಂಡು ಕೂರುತ್ತಾರೆ. ಒಂದು ವರ್ಷ ನಾಗರಾಜಣ್ಣನೂ ಮನೆಯ ಮುಂದೆ ಚಾಪೆ ಹಾಸಿ ಅಕ್ಕಪಕ್ಕದವರನ್ನು ಕೂರಿಸಿಕೊಂಡರು. ಭಾಗ್ಯ ಒಳಗೆ ಹೋಗಿ, ಕೊಡ ತಂದು, ಅಷ್ಟೂ ನೀರನ್ನು ಎಲೆಗಳ ಮೇಲೆ ಸುರಿದಳು. ಗಂಡಸರು ಪಂಚೆ ಎತ್ತಿಕೊಂಡು ಎದ್ದರು. ಆಮೇಲೆ ಆ ಮನೆಯ ಮುಂದೆ ಯಾರೂ ಎಲೆ ಹಾಕಲಿಲ್ಲ. ಅಂಥವಳು ಕ್ಯಾಸಿನೋಗೆ ಹೋಗುತ್ತೇನೆಂದಾಗ ನನಗೆ ಅರ್ಥವಾಗಲಿಲ್ಲ.

ನನ್ನ ಅತ್ತಿಗೆ, ಎಂದರೆ ಯಜಮಾನರ ಅಕ್ಕ, ಸಂಜಯನಗರದಿಂದ ಫೋನ್ ಮಾಡಿದರು. "ಇನ್ನೂ ವರ್ಷಾಂತಿಕ ಆಗಿಲ್ಲ, ಗೋವಾನಾ ನಿಂಗೆ?" ನನಗೆ ಹೋಗಬೇಕೆಂದೂ ಇರಲಿಲ್ಲ, ಬೇಡವೆಂದೂ ಇರಲಿಲ್ಲ. ಭಾಗ್ಯ ಫೋನು ಕಿತ್ತುಕೊಂಡು, "ಅಕ್ಕಾ, ನಾನೇ ಕರ್ಕೊಂಡ್ ಓಗ್ತಾ ಇರೋದು, ನಾನೇ ವಾಪಸ್ ಕರ್ಕೊಂಡ್ ಬತ್ತೀನಿ. ಬಯ್ಯೋದಿದ್ರೆ ನನ್ನ ಬಯ್ರಿ" ಎಂದಳು. ಅತ್ತಿಗೆ ಬೈದರು. ಅವಳು ಪೂರ್ತಿ ಕೇಳಿಸಿಕೊಂಡು, "ಆಯ್ತಕ್ಕ" ಎಂದು ಫೋನ್ ಇಟ್ಟಳು.

ಯಶವಂತಪುರದಿಂದ ಮಧ್ಯಾಹ್ನದ ರೈಲು. ಚಪಾತಿ, ಚಟ್ನಿಪುಡಿ, ಮೊಸರನ್ನ ಎಲ್ಲ ಕಟ್ಟಿಕೊಂಡಿದ್ದಳು. ತುಮಕೂರು ದಾಟಿದ ಮೇಲೆ, ಕಿಟಕಿಯ ಕಡೆ ನೋಡುತ್ತಾ ಅವಳೇ ಹೇಳಿದಳು.

"ಚಿಕ್ಕಜಾಲದಲ್ಲಿ ನಮ್ದು ದ್ರಾಕ್ಷಿ ತೋಟ ಇತ್ತು ಕಣೆ. ಅಮ್ಮ ತೀರ್ಕೊಂಡ್ ಮೇಲೆ ಅಪ್ಪ ಇಸ್ಪೀಟಿಗೆ ಬಿದ್ದ. ತೋಟ ಓಯ್ತು. ಈಗ ಅಲ್ಲಿ ಕಾರ್ ಶೋರೂಮು."

"ನೀನ್ಯಾವತ್ತೂ ಹೇಳಿರ್ಲಿಲ್ಲ."

"ಏಳೋಕೇನಿದೆ? ಗೆದ್ದು ಬಂದ್ರೂ ಅದೇ ಮುಖ, ಸೋತು ಬಂದ್ರೂ ಅದೇ ಮುಖ. ಒಂದ್ ದಿನ ನಗ್ಲಿಲ್ಲ, ಒಂದ್ ದಿನ ಅಳ್ಲಿಲ್ಲ. ನಾನು ಬಾಯಿಗ್ ಬಂದಂಗೆ ಬೈತಿದ್ದೆ. ಅಲ್ಲಿ ಅದೇನ್ ಕಾಣ್ತಿತ್ತೋ ಅವ್ನಿಗೆ, ಒಂದ್ಸಲ ಕೂತು ನೋಡ್ಬೇಕು ಅಂತ ಬಾಳ ದಿನದ್ ಆಸೆ."

ಮಾರನೆಯ ಬೆಳಿಗ್ಗೆ ಗೋವಾ ತಲುಪಿದೆವು. ರೆಸಾರ್ಟಿನ ಕೌಂಟರಿನಲ್ಲಿದ್ದ ಹುಡುಗಿ ಕಂಪ್ಯೂಟರ್ ನೋಡಿ, ಇದು ಕಪಲ್ ಪ್ಯಾಕೇಜ್, ಸರ್ ಎಲ್ಲಿ ಎಂದು ಹಿಂದಿಯಲ್ಲಿ ಕೇಳಿದಳು. ಭಾಗ್ಯ ನನ್ನ ಹೆಗಲ ಮೇಲೆ ಕೈ ಹಾಕಿ, "ನಾವೇ ಕಪಲ್ಲು, ಕೀ ಕೊಡಮ್ಮ" ಎಂದು ಕನ್ನಡದಲ್ಲೇ ಹೇಳಿದಳು. ಹುಡುಗಿ ನಕ್ಕು ಕೀ ಕೊಟ್ಟಳು. ಕೋಣೆಯಲ್ಲಿ ಹಾಸಿಗೆಯ ಮೇಲೆ ಟವೆಲಿನಲ್ಲಿ ಎರಡು ಹಂಸ ಮಾಡಿ, ಸುತ್ತ ಗುಲಾಬಿ ಎಸಳು ಚೆಲ್ಲಿದ್ದರು. ಅವಳು ಹಂಸಗಳನ್ನು ಬಿಚ್ಚಿ ಟವೆಲಿನ ಅಂಚು ನೋಡಿದಳು. "ಒಲಿಗೆ ಚೆನ್ನಾಗಿದೆ" ಎಂದಳು.

ಕ್ಯಾಸಿನೋ ಕೆಳಗಿನ ಮಹಡಿಯಲ್ಲಿತ್ತು. ನಾವು ಊಟ ಮಾಡಿ ಮಧ್ಯಾಹ್ನವೇ ಹೋದೆವು. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಒಳಗೆ ಕಿಟಕಿಯಿಲ್ಲ, ಗಡಿಯಾರವಿಲ್ಲ, ಕಾಲು ಹೂತುಹೋಗುವಂಥ ಕೆಂಪು ಕಾರ್ಪೆಟ್ಟು. ಪ್ಯಾಕೇಜಿನ ಲೆಕ್ಕದಲ್ಲಿ ಆಡುವುದಕ್ಕೆಂದು ಒಂದಷ್ಟು ಬಿಲ್ಲೆಗಳನ್ನೂ, ಮಿಷಿನ್‌ಗೆ ಹಾಕುವ ಒಂದು ಕಾರ್ಡನ್ನೂ ಕೊಟ್ಟರು. ಭಾಗ್ಯ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡು, ಚಕ್ರ ತಿರುಗಿಸುವ ಮೇಜಿನ ಮುಂದೆ ನಿಂತಳು. ಬಿಲ್ಲೆಯನ್ನು ಕೆಂಪು ಮನೆಯ ಮೇಲೆ ಇಟ್ಟಳು, ಹೋಯಿತು. ಕಪ್ಪಿನ ಮೇಲೆ ಇಟ್ಟಳು, ಬಂತು. ಮತ್ತೆ ಇಟ್ಟಳು, ಹೋಯಿತು. ಬಿಲ್ಲೆಯೆಲ್ಲ ಮುಗಿದಾಗ ಕೈ ಕೊಡವಿಕೊಂಡು, "ಇಷ್ಟೇನಾ?" ಎಂದಳು. ಅವಳ ಮುಖದಲ್ಲಿ ಮೋಸ ಹೋದವರ ಕಳೆಯಿತ್ತು. "ಇದ್ರಲ್ಲಿ ಏನೂ ಇಲ್ವಲ್ಲೇ ಸುಮಾ. ಇದಕ್ಕಾ ಅಪ್ಪ ತೋಟ ಕಳ್ಕೊಂಡಿದ್ದು?" ಅವಳು ಕೇಕು ಇಟ್ಟಿದ್ದ ಕಡೆಗೆ ಹೋದಳು.

ನಾನು ಒಂದು ಮಿಷಿನ್ ಮುಂದೆ ಕೂತೆ. ಕಾರ್ಡು ಹಾಕಿ ಗುಂಡಿ ಒತ್ತಿದರೆ ಪರದೆಯ ಮೇಲೆ ಹಣ್ಣಿನ ಚಿತ್ರಗಳು ಉರುಳುತ್ತವೆ, ನಿಲ್ಲುತ್ತವೆ. ಮತ್ತೆ ಒತ್ತಬೇಕು. ಒತ್ತುತ್ತಾ ಹೋದೆ. ಅಲ್ಲಿ ನನ್ನನ್ನು ಯಾರೂ ನೋಡುತ್ತಿರಲಿಲ್ಲ. ನನ್ನ ಗಂಡ ಸತ್ತದ್ದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಫೀಸಿನಲ್ಲಿ, ಬೀದಿಯಲ್ಲಿ, ಬಸ್ಸಿನಲ್ಲಿ ಎಲ್ಲರೂ ನನ್ನ ಮುಖದಲ್ಲಿ ಏನನ್ನೋ ಹುಡುಕುತ್ತಿದ್ದರು. ಆ ಮಿಷಿನ್ ಹುಡುಕಲಿಲ್ಲ. ತಿಂಗಳುಗಳ ಮೇಲೆ ನನ್ನ ಹೆಗಲು ಸಡಿಲವಾಯಿತು. ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು. ಒಮ್ಮೆ ಮಿಷಿನ್ ಜೋರಾಗಿ ಕೂಗಿಕೊಂಡಿತು, ಸುತ್ತ ದೀಪಗಳು ಮಿನುಗಿದವು. ಪಕ್ಕದವರು ಚಪ್ಪಾಳೆ ತಟ್ಟಿದರು, ಕೋಟು ಹಾಕಿದ್ದ ಒಬ್ಬರು ಬಂದು ಅಭಿನಂದನೆ ಹೇಳಿದರು. ನಾನು ಗೆದ್ದಿದ್ದೆ. ಏನೂ ಅನ್ನಿಸಲಿಲ್ಲ. ಮತ್ತೆ ಗುಂಡಿ ಒತ್ತಿದೆ.

ಆಗ ಭಾಗ್ಯ ಕೇಕಿನ ತಟ್ಟೆ ಹಿಡಿದು ಎದುರಿನಿಂದ ಬರುತ್ತಿದ್ದಳು. ನಗುತ್ತಾ ಬಂದವಳು ನಾಲ್ಕು ಹೆಜ್ಜೆ ದೂರದಲ್ಲಿ ನಿಂತುಬಿಟ್ಟಳು. ನನ್ನನ್ನೇ ನೋಡಿದಳು. ತಟ್ಟೆಯನ್ನು ಯಾವುದೋ ಕುರ್ಚಿಯ ಮೇಲೆ ಇಟ್ಟಳು.

"ಎದ್ದೇಳು."

"ಇರು, ಇನ್ನೊಂದ್ಸಲ."

"ಸುಮಾ, ಎದ್ದೇಳೇ ಮೇಲೆ!"

ಅವಳ ಧ್ವನಿ ಒಡೆದಿತ್ತು. ನನ್ನ ಮಣಿಕಟ್ಟು ಹಿಡಿದು ಎಳೆದಳು. ಕಾರ್ಡು ಮಿಷಿನ್‌ನಲ್ಲೇ ಉಳಿಯಿತು. ಕೋಟಿನವರು ಹಿಂದಿನಿಂದ ಏನೋ ಕೂಗಿದರು, ಅವಳು ತಿರುಗಲಿಲ್ಲ. ಆ ಕಾರ್ಪೆಟ್ಟನ್ನೆಲ್ಲ ದಾಟಿ, ಬಾಗಿಲು ತಳ್ಳಿ, ಹುಲ್ಲಿನ ಮೇಲೆ, ಬಿಸಿಲಿನಲ್ಲಿ ನನ್ನನ್ನು ತಂದು ನಿಲ್ಲಿಸಿದಳು. ಬೆಳಕಿಗೆ ಕಣ್ಣು ಬಿಡಲಾಗಲಿಲ್ಲ. ಅವಳು ಏದುಸಿರು ಬಿಡುತ್ತಿದ್ದಳು.

"ನಮ್ಮಪ್ಪನ್ ಮುಖ ಇತ್ತು ನಿಂಗೆ" ಎಂದಳು. "ಅದೇ ಮುಖ. ಅಂಗೇ."

ಅವಳು ಹುಲ್ಲಿನ ಮೇಲೆ ಕುಸಿದು ಕೂತು ಅಳತೊಡಗಿದಳು. ಹತ್ತಿರದಲ್ಲಿ ಗಿಡಗಳಿಗೆ ನೀರು ಬಿಡುತ್ತಿದ್ದ ಹೆಂಗಸು ಪೈಪನ್ನು ಕೆಳಗಿಟ್ಟು ನೋಡಿದಳು. "ಗೆಲ್ಲಕ್ಕೆ ಓಗ್ತಾನೆ ಅಂದ್ಕೊಂಡಿದ್ದೆ ಕಣೆ. ಅದಕ್ಕೇ ಬೈತಿದ್ದೆ. ಅವ್ನು ಗೆಲ್ಲಕ್ಕೆ ಓಗ್ತಾನೇ ಇರ್ಲಿಲ್ಲ. ಅಮ್ಮ ಇಲ್ದಿರೋ ಮನೇಲಿ ಇರಕ್ಕಾಗ್ದೆ ಓಗ್ತಿದ್ದ. ನಂಗೊತ್ತಾಗ್ಲಿಲ್ಲ."

ಅವಳ ಪಕ್ಕ ಕೂತೆ. ಅವಳ ಬೆನ್ನ ಮೇಲೆ ಕೈ ಇಟ್ಟೆ. ಅವಳು ತನ್ನ ಅಪ್ಪನಿಗಾಗಿ ಅಷ್ಟು ಅಳುತ್ತಿದ್ದರೂ ನನ್ನ ಕಣ್ಣು ಒಣಗಿಯೇ ಇತ್ತು. ಅಳು ಎಂದರೆ ಹೀಗೆ, ಹೊಟ್ಟೆಯಿಂದ ಬರುತ್ತದೆ ಎಂದು ದೂರದಿಂದ ನೋಡುವವಳ ಹಾಗೆ ನೋಡುತ್ತಿದ್ದೆ. ಅವಳ ಬೆನ್ನು ಬೆವೆತು ಬಿಸಿಯಾಗಿತ್ತು. ಆ ಬಿಸಿ ನನ್ನ ಅಂಗೈಗೆ ತಿಳಿಯುತ್ತಿತ್ತು. ಅದಷ್ಟು ತಿಳಿಯುತ್ತಿತ್ತು ಎಂಬುದು ಈಗಲೂ ನೆನಪಿದೆ.

ಉಳಿದ ದಿನಗಳಲ್ಲಿ ಕ್ಯಾಸಿನೋದ ಕಡೆ ತಲೆ ಹಾಕಲಿಲ್ಲ. ಬೆಳಿಗ್ಗೆ ಸಮುದ್ರಕ್ಕೆ ಹೋದೆವು. ಭಾಗ್ಯ ಅದುವರೆಗೆ ಸಮುದ್ರ ನೋಡಿರಲಿಲ್ಲ. ಸೀರೆಯನ್ನು ಮೊಳಕಾಲಿನವರೆಗೆ ಎತ್ತಿ ಕಟ್ಟಿ ನಿಂತು, ಪ್ರತಿ ಅಲೆಗೂ "ಅಯ್ಯಯ್ಯಪ್ಪಾ" ಎಂದು ಕೂಗಿದಳು. ದಡದಲ್ಲಿ ಬಟ್ಟೆ ಮಾರುತ್ತಿದ್ದವರ ಅಂಗಿಗಳನ್ನೆಲ್ಲ ತಿರುವಿ ಹಾಕಿ, ಒಂದೂ ಸರಿಯಿಲ್ಲವೆಂದು ತಲೆಯಾಡಿಸಿ ಬಂದಳು. ನನ್ನನ್ನೂ ನೀರಿಗೆ ಎಳೆದಳು. ನಾನು ನಿಂತೆ. ಕಾಲಡಿಯ ಮರಳು ಸರಿಯುತ್ತಿತ್ತು. ಅವಳು ನನ್ನ ಮೊಣಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಅವಳಿಗೆ ಅಲೆಯ ಭಯವೋ, ನನ್ನ ಬಗೆಗಿನ ಭಯವೋ ಹೇಳಲಾರೆ.

ವಾಪಸ್ ಬಂದ ಮೇಲೆ ನಾನು ಸರಿಹೋದೆ ಎಂದು ಬರೆದರೆ ಸುಳ್ಳಾಗುತ್ತದೆ. ಮೊದಲಿನಂತೆಯೇ ಇದ್ದೆ. ಆದರೆ ಭಾಗ್ಯ ಬದಲಾದಳು. ಹುಕ್ಕು ಹಾಕುತ್ತಾ ನಾನು ಬಹಳ ಹೊತ್ತು ತಲೆ ಎತ್ತದಿದ್ದರೆ ಮಿಷಿನ್ ನಿಲ್ಲಿಸಿ, "ಇಲ್ ನೋಡು" ಅನ್ನುತ್ತಿದ್ದಳು. ನಾನು ನೋಡುತ್ತಿದ್ದೆ. "ಆಂ, ಸರಿ" ಎಂದು ಮತ್ತೆ ತುಳಿಯುತ್ತಿದ್ದಳು. ಅಷ್ಟೇ. ಚಿಕ್ಕಜಾಲದಲ್ಲಿ ಅಪ್ಪನನ್ನು ಮಣ್ಣು ಮಾಡಿದ್ದ ಜಾಗಕ್ಕೂ ಒಂದು ಭಾನುವಾರ ಹೋಗಿಬಂದಳು. ಹಿಂದೆಂದೂ ಹೋಗುತ್ತಿರಲಿಲ್ಲವೆಂದು ನಾಗರಾಜಣ್ಣ ಹೇಳಿದರು.

ಮಳೆಗಾಲದಲ್ಲಿ ನಮ್ಮ ಬೀದಿಯಲ್ಲಿ ಬಹಳ ಜನಕ್ಕೆ ಡೆಂಗ್ಯೂ ಬಂತು. ಭಾಗ್ಯಳಿಗೂ ಬಂತು. ಆಸ್ಪತ್ರೆಗೆ ತಾನೇ ನಡೆದುಕೊಂಡು ಹೋಗಿ ಸೇರಿದಳು. ನಾನು ಆಫೀಸಿಗೆ ರಜೆ ಹಾಕಿ ಹೋದಾಗ ದಿಂಬಿಗೆ ಒರಗಿ ಕೂತು, ಆಸ್ಪತ್ರೆಯವರು ಹಾಕಿದ್ದ ಹಸಿರು ಅಂಗಿಯ ತೋಳನ್ನು ಎಳೆದು ಎಳೆದು ನೋಡುತ್ತಿದ್ದಳು.

"ಯಾರೇ ಇದನ್ನ ಒಲಿದಿರೋದು? ಕಂಕುಳೇ ಬಿಟ್ಟಿಲ್ಲ. ರೋಗಿಗಳು ಕೈ ಎತ್ತೋದ್ ಬ್ಯಾಡ್ವಾ?"

"ನೀನು ವಾಸಿಯಾಗಿ ಬಂದು ಇವರಿಗೆಲ್ಲ ಹೊಲ್ಕೊಡು."

"ಬಟ್ಟೆ ಒಳ್ಳೇದ್ ತರ್ಲಿ, ಒಲ್ಕೊಡ್ತೀನಿ" ಎಂದಳು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿದಳು. ತೆರೆದಾಗ, ನಾನು ಬೆಳಿಗ್ಗೆ ಏನು ತಿಂದೆ ಎಂದು ಕೇಳಿದಳು. ಉಪ್ಪಿಟ್ಟು ಎಂದೆ. ನಿಜವಾಗಿ ತಿಂದಿದ್ದೆ. ಅವಳು ತಲೆಯಾಡಿಸಿದಳು.

ಎರಡು ದಿನದ ಮೇಲೆ ಆಫೀಸಿನಲ್ಲಿದ್ದಾಗ ನಾಗರಾಜಣ್ಣನ ಫೋನು ಬಂತು. ಅವರಿಗೆ ಮಾತು ಬರುತ್ತಿರಲಿಲ್ಲ. ಬೇರೆ ಯಾರೋ ಫೋನು ತೆಗೆದುಕೊಂಡು ಹೇಳಿದರು. ನಾನು ಕಂಪ್ಯೂಟರ್ ಮುಚ್ಚಿ, ಬ್ಯಾಗು ತೆಗೆದುಕೊಂಡು, ಬಸ್ಸು ಹತ್ತಿದೆ. ಹೆಬ್ಬಾಳದಲ್ಲಿ ಬಸ್ಸು ಬಹಳ ಹೊತ್ತು ನಿಂತಿತ್ತು. ಅಂದೂ ನಾನು ಅಳಲಿಲ್ಲ.

ಭಾಗ್ಯಳ ತಿಥಿಯ ದಿನ ಊಟವೆಲ್ಲ ಮುಗಿದ ಮೇಲೆ, ಆರ್.ಟಿ. ನಗರಕ್ಕೆ ಮದುವೆಯಾಗಿ ಹೋಗಿರುವ ಅವಳ ಮಗಳು ಕಾವ್ಯ, ಜಗಲಿಯಲ್ಲಿ ನನ್ನ ಪಕ್ಕ ಬಂದು ಕೂತಳು.

"ಆಂಟಿ, ಗೋವಾದಲ್ಲಿ ಅಮ್ಮ ಏನೇನ್ ಮಾಡಿದ್ಲು? ನಮ್ಗೇನೂ ಸರಿಯಾಗಿ ಹೇಳ್ಲೇ ಇಲ್ಲ. ಕೇಳಿದ್ರೆ, ಚೆನ್ನಾಗಿತ್ತು ಅಂತಿದ್ಲು ಅಷ್ಟೇ."

ಸಮುದ್ರದ ಕತೆ ಹೇಳಿದೆ. ಅಯ್ಯಯ್ಯಪ್ಪಾ ಎಂದು ಕೂಗಿದ್ದು, ಅಂಗಿಗಳನ್ನು ತಿರುವಿ ಹಾಕಿದ್ದು, ಎಲ್ಲ. ಅವಳು ಕಣ್ಣು ಒರೆಸಿಕೊಳ್ಳುತ್ತಾ ಕೇಳಿದಳು.

"ಕ್ಯಾಸಿನೋಗೂ ಹೋಗಿದ್ರಾ?"

"ಹೋಗಿದ್ವಿ. ನಿಮ್ಮಮ್ಮ ನನ್ನ ಕೈ ಹಿಡಿದು ಎಳ್ಕೊಂಡು ಹೊರಗೆ ಬಂದ್ಬಿಟ್ಲು."

"ಯಾಕೆ?"

"ಇಲ್ದಿದ್ರೆ ನಾನಿನ್ನೂ ಅಲ್ಲೇ ಕೂತಿರ್ತಿದ್ದೆ ಕಣಮ್ಮ."

ಕಾವ್ಯ ಅದನ್ನು ತಮಾಷೆ ಎಂದುಕೊಂಡಳು. ಕಣ್ಣಲ್ಲಿ ನೀರಿಟ್ಟುಕೊಂಡೇ ಜೋರಾಗಿ ನಕ್ಕಳು. ಆ ಮನೆಯಲ್ಲಿ ಅಷ್ಟು ದಿನಕ್ಕೆ ಅದೇ ಮೊದಲ ನಗು. ಯಾರು ನಕ್ಕಿದ್ದು ಎಂದು ನಾಗರಾಜಣ್ಣ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತರು. ಕಾವ್ಯ ಇನ್ನೂ ನಗುತ್ತಿದ್ದಳು. ನಾನು ಏನನ್ನೂ ತಿದ್ದಲು ಹೋಗದೆ ಅವಳನ್ನು ನಗಲು ಬಿಟ್ಟೆ.